ಗ್ಯಾಸ್ ಸಬ್ಸಿಡಿಯಿಂದ ಗೃಹಲಕ್ಷ್ಮಿವರೆಗೆ: ಮುಂಗಡವಾಗಿ ಬಂದ ಹಣದಲ್ಲಿ ಯಾವುದು ವಾಪಸ್ ಕೊಡಬೇಕು, ಯಾವುದು ಬೇಡ?

ತುಮಕೂರು: ಹೊಸ ಯೋಜನೆ ಶುರುವಾದಾಗ ಎಲ್ಲರೂ ಕೇಳೋ ಮೊದಲ ಪ್ರಶ್ನೆ, ದುಡ್ಡು ಯಾವಾಗ ಬರುತ್ತೆ? ಎರಡನೇ ಪ್ರಶ್ನೆಯನ್ನು ಹೆಚ್ಚಿನವರು ಕೇಳೋದೇ ಇಲ್ಲ. ಬಂದ ದುಡ್ಡು ನಮ್ಮದೇನಾ, ಇಲ್ಲ ಮುಂದೆ ಯಾವತ್ತಾದರೂ ಮುರಿದುಕೊಳ್ತಾರಾ? ಈ ಎರಡನೇ ಪ್ರಶ್ನೆ ಕೇಳದೇ ಇದ್ದವರೇ ಆಮೇಲೆ ಗ್ಯಾಸ್ ಏಜೆನ್ಸಿ, ಬ್ಯಾಂಕು, ನಾಡಕಚೇರಿ ಅಂತ ಅಲೆಯೋದು.

ಸರ್ಕಾರದ ಯೋಜನೆಗಳಲ್ಲಿ ಕೈಗೆ ಮುಂಚೆ ಬರುವ ಹಣ ಒಂದೇ ಥರದ್ದಲ್ಲ. ಕೆಲವು ಪೂರ್ತಿ ಸಹಾಯಧನ. ಕೆಲವು ಕನೆಕ್ಷನ್ ಇರುವವರೆಗೆ ನಮ್ಮ ಹತ್ತಿರ ಇರುವ ಮುಂಗಡ. ಇನ್ನು ಕೆಲವು ಸಾಲ. ಮೂರಕ್ಕೂ ಜನ 'ಗೌರ್ಮೆಂಟ್ ದುಡ್ಡು' ಅಂತಲೇ ಹೇಳ್ತಾರೆ. ಈ ವ್ಯತ್ಯಾಸ ಅರ್ಥ ಮಾಡಿಕೊಳ್ಳೋಕೆ ಎಲ್ಲರ ಮನೆಯಲ್ಲೂ ಇರುವ ಗ್ಯಾಸ್ ಸಿಲಿಂಡರ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಒಂದೇ ಸಿಲಿಂಡರ್ ವಿಚಾರದಲ್ಲಿ ಈ ದೇಶದಲ್ಲಿ ಮೂರು ಬೇರೆ ಬೇರೆ ಥರದ ಮುಂಗಡ ಕೊಟ್ಟಿದ್ದಾರೆ. ಅದರಲ್ಲಿ ಮೊದಲನೆಯದನ್ನು ಮೊದಲ ಹಂತದಲ್ಲೇ ಕಂಡ ಜಿಲ್ಲೆಗಳಲ್ಲಿ ತುಮಕೂರು ಕೂಡ ಒಂದು.

ಮೊದಲನೆಯದು: ಕಾಯಂ ಮುಂಗಡ

2013ಕ್ಕಿಂತ ಮುಂಚೆ ಸಿಲಿಂಡರ್ ಮನೆ ಬಾಗಿಲಿಗೆ ಬರುವಾಗಲೇ ಸಬ್ಸಿಡಿ ಕಳೆದು ಕಡಿಮೆ ಬೆಲೆಗೆ ಸಿಗುತ್ತಿತ್ತು. 2013ರ ಜೂನ್‌ನಿಂದ ಕೇಂದ್ರ ಸರ್ಕಾರ ಕೆಲವು ಜಿಲ್ಲೆಗಳಲ್ಲಿ ಸಬ್ಸಿಡಿಯನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕೋ ಪದ್ಧತಿ ತಂದಿತು. ಮೊದಲ ಹಂತದಲ್ಲಿ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ತುಮಕೂರು ಮತ್ತು ಮೈಸೂರು. 2014ರ ಆರಂಭದಲ್ಲಿ ಇದನ್ನು ತಡೆಹಿಡಿದರು. ಆಮೇಲೆ 'ಪಹಲ್' ಅನ್ನೋ ಹೆಸರಲ್ಲಿ 2014ರ ನವೆಂಬರ್ 15ಕ್ಕೆ 54 ಜಿಲ್ಲೆಗಳಲ್ಲಿ ಮತ್ತೆ ಶುರು ಮಾಡಿ, 2015ರ ಜನವರಿ 1ರಿಂದ ದೇಶದ ತುಂಬಾ ಜಾರಿಗೆ ತಂದರು.

ಹೊಸ ಪದ್ಧತಿಯಲ್ಲಿ ಒಂದು ತೊಡಕಿತ್ತು. ಮೊದಲು ಮಾರುಕಟ್ಟೆ ಬೆಲೆ ಪೂರ್ತಿ ಕೊಟ್ಟು ಸಿಲಿಂಡರ್ ತಗೋಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತೆ. ಲೆಕ್ಕಕ್ಕೆ ಹೇಳೋದಾದರೆ, ಮೊದಲು 420 ರೂ. ಕೊಡುತ್ತಿದ್ದ ಮನೆಯವರು ಈಗ ಒಂದೇ ಸಲಕ್ಕೆ 700 ರೂ. ಹೊಂದಿಸಬೇಕು. ಉಳಿದ 280 ರೂ. ವಾಪಸ್ ಬರೋದು ನಿಜ, ಆದರೆ ಸಿಲಿಂಡರ್ ಹುಡುಗ ಬಾಗಿಲಲ್ಲಿ ನಿಂತಾಗ ಕೈಯಲ್ಲಿ ದುಡ್ಡಿರಬೇಕಲ್ಲ. ಕೂಲಿ ಮಾಡೋ ಮನೆಯಲ್ಲಿ ಆ 280 ರೂ. ಅಂದ್ರೆ ಒಂದು ದಿನದ ದುಡಿಮೆ.

ಈ ಅಂತರ ತುಂಬೋಕೆ ಕೊಟ್ಟಿದ್ದೇ ಕಾಯಂ ಮುಂಗಡ. 2013ರಲ್ಲಿ ಯೋಜನೆಗೆ ಸೇರಿದವರಿಗೆ 435 ರೂ., 2014ರ ನವೆಂಬರ್ ನಂತರ ಸೇರಿದವರಿಗೆ 568 ರೂ. ಯೋಜನೆಗೆ ಸೇರಿದ ಮೇಲೆ ಮೊದಲ ಬುಕಿಂಗ್‌ಗೆ ಈ ಹಣ ಖಾತೆಗೆ ಜಮಾ ಆಗುತ್ತಿತ್ತು. ಒಬ್ಬ ಗ್ರಾಹಕರಿಗೆ ಒಂದೇ ಸಲ. 2013ರಲ್ಲಿ ಪಡೆದವರಿಗೆ ಮತ್ತೆ ಇಲ್ಲ.

ಜನ ತಪ್ಪು ತಿಳಿದುಕೊಂಡಿದ್ದು ಇಲ್ಲೇ. ಆ 568 ರೂ. ಸಬ್ಸಿಡಿ ಆಗಿರಲಿಲ್ಲ. ಪ್ರತಿ ತಿಂಗಳ ಸಬ್ಸಿಡಿಯಲ್ಲಿ ಮುರಿದುಕೊಳ್ಳುವ ಸಾಲವೂ ಆಗಿರಲಿಲ್ಲ. ಕನೆಕ್ಷನ್ ನಡೆಯೋವರೆಗೆ ಗ್ರಾಹಕರ ಹತ್ತಿರವೇ ಇರುತ್ತೆ. ಕನೆಕ್ಷನ್ ಸರೆಂಡರ್ ಮಾಡಿದ ದಿನ ಲೆಕ್ಕಕ್ಕೆ ಬರುತ್ತೆ.

ಉದಾಹರಣೆಗೆ, ಸಿಲಿಂಡರ್‌ಗೆ 1,450 ರೂ. ಮತ್ತು ರೆಗ್ಯುಲೇಟರ್‌ಗೆ 150 ರೂ. ಡಿಪಾಸಿಟ್ ಕಟ್ಟಿದ್ದ ಮನೆಯವರು ಕನೆಕ್ಷನ್ ವಾಪಸ್ ಕೊಟ್ಟರೆ ಬರಬೇಕಾದ್ದು 1,600 ರೂ. ಅದರಲ್ಲಿ 568 ರೂ. ಕಾಯಂ ಮುಂಗಡ ಹೊಂದಿಸಿಕೊಂಡರೆ ಕೈಗೆ ಸಿಗೋದು 1,032 ರೂ. 'ಏಜೆನ್ಸಿಯವರು 568 ರೂ. ನುಂಗಿದರು' ಅಂತ ಜಗಳಕ್ಕೆ ಹೋಗುವ ಮುಂಚೆ ಹಳೆ ಪಾಸ್‌ಬುಕ್‌ನಲ್ಲಿ 2013ರಿಂದ 2015ರವರೆಗಿನ ಪುಟ ತೆಗೆದು ನೋಡಬೇಕು. 435 ಅಥವಾ 568 ರೂ. ಜಮಾ ಕಂಡರೆ ಲೆಕ್ಕ ಸರಿ. ಆ ಹಣ ಬಂದೇ ಇಲ್ಲ ಅಂದ್ರೆ ಮುರಿದುಕೊಂಡಿದ್ದು ಯಾಕೆ ಅಂತ ಕೇಳೋ ಹಕ್ಕು ಗ್ರಾಹಕರಿಗಿದೆ. ಡಿಪಾಸಿಟ್ ಎಷ್ಟು ಅನ್ನೋದು ಕನೆಕ್ಷನ್ ತಗೊಂಡಾಗ ಕೊಟ್ಟ ವೋಚರ್‌ನಲ್ಲಿ ಬರೆದಿರುತ್ತೆ. ಒಬ್ಬೊಬ್ಬರದು ಒಂದೊಂದು ಮೊತ್ತ, ಅದಕ್ಕೇ ಆ ಕಾಗದ ಕಳೆದುಕೊಳ್ಳಬಾರದು.

ಎರಡನೆಯದು: ಸಾಲವಾಗಿ ಬಂದ ಮುಂಗಡ

2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು. ಬಡ ಕುಟುಂಬದ ಮಹಿಳೆ ಹೆಸರಲ್ಲಿ ಡಿಪಾಸಿಟ್ ಇಲ್ಲದೆ ಗ್ಯಾಸ್ ಕನೆಕ್ಷನ್. ಆಗ ಒಂದು ಕನೆಕ್ಷನ್‌ಗೆ ಸರ್ಕಾರ ಭರಿಸಿದ್ದು 1,600 ರೂ. ಸಿಲಿಂಡರ್ ಡಿಪಾಸಿಟ್, ರೆಗ್ಯುಲೇಟರ್, ಪೈಪು, ಪುಸ್ತಕ, ಜೋಡಣೆ ಖರ್ಚು ಎಲ್ಲಾ ಇದರಲ್ಲಿ ಸೇರಿತ್ತು. ಈ 1,600 ರೂ. ಪೂರ್ತಿ ಸಹಾಯಧನ. ವಾಪಸ್ ಕೊಡೋ ಮಾತಿಲ್ಲ.

ಆದರೆ ಒಲೆ ಮತ್ತು ಮೊದಲ ಸಿಲಿಂಡರ್‌ನ ಗ್ಯಾಸು ಈ 1,600ರಲ್ಲಿ ಇರಲಿಲ್ಲ. ದುಡ್ಡು ಕೊಟ್ಟು ತಗೊಳ್ಳೋಕೆ ಆಗದವರಿಗೆ ತೈಲ ಕಂಪನಿಗಳು ಅದನ್ನು ಸಾಲವಾಗಿ ಕೊಟ್ಟವು. ಬಡ್ಡಿ ಇಲ್ಲ, ಕಂತು ಕಟ್ಟೋಕೆ ಯಾರೂ ಮನೆಗೆ ಬರಲ್ಲ. ಬದಲಿಗೆ ಮುಂದಿನ ಸಿಲಿಂಡರ್‌ಗಳಿಗೆ ಬರಬೇಕಾದ ಸಬ್ಸಿಡಿಯನ್ನು ಸಾಲ ತೀರುವವರೆಗೆ ಕಂಪನಿಯೇ ಹಿಡಿದುಕೊಳ್ಳುತ್ತೆ.

ಇದರ ಲೆಕ್ಕ ಹೀಗೆ. ಒಲೆಗೆ 990 ರೂ., ಮೊದಲ ಗ್ಯಾಸಿಗೆ 600 ರೂ. ಅಂದುಕೊಂಡರೆ ಸಾಲ 1,590 ರೂ. ಒಂದು ಸಿಲಿಂಡರ್‌ಗೆ 150 ರೂ. ಸಬ್ಸಿಡಿ ಇದ್ದರೆ ಸಾಲ ತೀರೋಕೆ 11 ಸಿಲಿಂಡರ್ ಬೇಕು. ಸೌದೆ ಜೊತೆಗೆ ಗ್ಯಾಸನ್ನೂ ಬಳಸೋ ಹಳ್ಳಿ ಮನೆಯಲ್ಲಿ ವರ್ಷಕ್ಕೆ 4 ಸಿಲಿಂಡರ್ ಖರ್ಚಾದರೆ ಹತ್ತಿರ ಹತ್ತಿರ 3 ವರ್ಷ. ಅಷ್ಟು ದಿನ ಆ ಮಹಿಳೆ ಪೂರ್ತಿ ಬೆಲೆ ಕೊಟ್ಟು ಗ್ಯಾಸ್ ತಗೋಬೇಕು, ಖಾತೆಗೆ ಒಂದು ಪೈಸೆ ಬರಲ್ಲ.

'ಫ್ರೀ ಗ್ಯಾಸ್ ಅಂದ್ರು, ಸಬ್ಸಿಡಿನೂ ಇಲ್ಲ' ಅಂತ ಬೇಜಾರಾಗಿ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಮೂಲೆಗೆ ಸೇರಿ ಸೌದೆ ಒಲೆ ವಾಪಸ್ ಬಂದಿದ್ದಕ್ಕೆ ಇದೂ ಒಂದು ಕಾರಣ. ಮೋಸ ಯಾರೂ ಮಾಡಿರಲಿಲ್ಲ. ಆದರೆ ಸಹಿ ಹಾಕಿಸಿಕೊಳ್ಳುವಾಗ 'ಇದು ಸಾಲ, ಸಬ್ಸಿಡಿಯಲ್ಲಿ ಮುರಿದುಕೊಳ್ತೀವಿ' ಅಂತ ಬಾಯಿ ಬಿಟ್ಟು ಹೇಳಿದವರೂ ಕಡಿಮೆ. ಪೂರ್ತಿ ಬೆಲೆ ಕೊಡಲಾಗದೆ ಜನ ಮರುಭರ್ತಿ ಮಾಡಿಸೋದು ಕಷ್ಟವಾಗಿದ್ದರಿಂದಲೇ 2018ರ ಏಪ್ರಿಲ್ 1ರಿಂದ ಮುಂದಿನ 6 ಸಿಲಿಂಡರ್‌ಗಳವರೆಗೆ ಸಾಲ ವಸೂಲಿ ಮುಂದೂಡಬೇಕಾಯಿತು.

2021ರ ಆಗಸ್ಟ್ 10ರಂದು ಶುರುವಾದ ಉಜ್ವಲಾ 2.0ರಲ್ಲಿ ಇದನ್ನು ಬದಲಾಯಿಸಿದರು. ಒಲೆ ಮತ್ತು ಮೊದಲ ಗ್ಯಾಸು ಎರಡೂ ಉಚಿತ. ಹಾಗಾಗಿ ಎರಡು ಮನೆಯವರು ಅಕ್ಕಪಕ್ಕದಲ್ಲೇ ಇದ್ದು, ಒಬ್ಬರಿಗೆ ಸಾಲ ಇದ್ದು ಇನ್ನೊಬ್ಬರಿಗೆ ಇಲ್ಲದೇ ಇದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ. ಕನೆಕ್ಷನ್ ತಗೊಂಡ ವರ್ಷ ಯಾವುದು ಅಂತ ನೋಡಬೇಕು. ಹಳೆ ಉಜ್ವಲಾ ಗ್ರಾಹಕರು ತಮ್ಮ ಹೆಸರಲ್ಲಿ ಸಾಲ ಬಾಕಿ ಇದೆಯಾ, ಎಷ್ಟು ತೀರಿದೆ ಅಂತ ಏಜೆನ್ಸಿಯಲ್ಲಿ ಕೇಳಿ ತಿಳಿದುಕೊಳ್ಳಬಹುದು.

ಮೂರನೆಯದು: ಒಂದೇ ಕೆಲಸಕ್ಕೆ ಮೀಸಲಾದ ಮುಂಗಡ

2020ರ ಲಾಕ್‌ಡೌನ್ ನೆನಪಿರಬಹುದು. ಏಪ್ರಿಲ್‌ನಿಂದ ಜೂನ್‌ವರೆಗೆ ಉಜ್ವಲಾ ಮಹಿಳೆಯರಿಗೆ 14.2 ಕೆ.ಜಿ.ಯ 3 ಸಿಲಿಂಡರ್ ಉಚಿತ ಅಂತ ಘೋಷಣೆಯಾಯಿತು. ಸಿಲಿಂಡರ್ ಹಾಗೇ ಕೊಡಲಿಲ್ಲ. ಅದರ ಪೂರ್ತಿ ಬೆಲೆಯನ್ನು ಮೊದಲೇ ಖಾತೆಗೆ ಹಾಕಿದರು, ಆ ದುಡ್ಡಲ್ಲಿ ಗ್ಯಾಸ್ ತಗೋಬೇಕಿತ್ತು.

ಇದು ಸಾಲ ಅಲ್ಲ, ಕಾಯಂ ಮುಂಗಡವೂ ಅಲ್ಲ. ಗ್ಯಾಸ್ ತಗೊಂಡರೆ ಮಾತ್ರ ಲೆಕ್ಕ ಮುಗಿಯುವ ಹಣ. ಆದರೆ ಕೆಲಸ ಇಲ್ಲದ ಆ ದಿನಗಳಲ್ಲಿ ಖಾತೆಗೆ ಬಂದ ಏಳೆಂಟು ನೂರು ರೂಪಾಯಿ ಕೆಲವರ ಮನೆಯಲ್ಲಿ ಅಕ್ಕಿ, ಬೇಳೆ, ಮಾತ್ರೆಗೆ ಹೋಯಿತು. ಮೊದಲ ಮುಂಗಡದಲ್ಲಿ ಸಿಲಿಂಡರ್ ತಗೊಳ್ಳದವರಿಗೆ ಮುಂದಿನದು ನಿಂತಿತು. ಮುಂಗಡ ಬಂದಿದ್ದರೂ ಗ್ಯಾಸ್ ತಗೊಳ್ಳದವರಿಗೆ ಅಂತಲೇ 2020ರ ಜುಲೈನಿಂದ ಇನ್ನೂ 3 ತಿಂಗಳು ಅವಕಾಶ ಕೊಟ್ಟರು.

ಈಗ ಹೇಗಿದೆ?

ಸಾಮಾನ್ಯ ಗ್ರಾಹಕರಿಗೆ 2020ರ ಮಧ್ಯದಿಂದ ಸಬ್ಸಿಡಿ ನಿಂತಿದೆ. ಆದ್ದರಿಂದ 'ನಮ್ಮ ಸಬ್ಸಿಡಿ ಬಾಕಿ ಇದೆ, ಒಟ್ಟಿಗೆ ಬರುತ್ತೆ' ಅನ್ನೋ ವಾಟ್ಸಾಪ್ ಮಾತು ನಂಬಬೇಡಿ.

ಉಜ್ವಲಾ ಗ್ರಾಹಕರಿಗೆ 2022ರ ಮೇನಿಂದ ಒಂದು ಸಿಲಿಂಡರ್‌ಗೆ 200 ರೂ. ಕೊಡೋಕೆ ಶುರು ಮಾಡಿದರು. 2023ರ ಅಕ್ಟೋಬರ್‌ನಲ್ಲಿ ಅದನ್ನು 300 ರೂ.ಗೆ ಏರಿಸಿದರು. 2025-26ನೇ ಸಾಲಿಗೆ ವರ್ಷಕ್ಕೆ 9 ಸಿಲಿಂಡರ್‌ವರೆಗೆ ಈ 300 ರೂ. ಅನ್ವಯ. ಇದಕ್ಕೆ ಮುಂಗಡ ಇಲ್ಲ. ಪೂರ್ತಿ ಬೆಲೆ ಕೊಟ್ಟು ತಗೊಳ್ಳಬೇಕು, 300 ರೂ. ಆಮೇಲೆ ಖಾತೆಗೆ ಬರುತ್ತೆ. ಅಂದ್ರೆ ಡೆಲಿವರಿ ದಿನ ಪೂರ್ತಿ ದುಡ್ಡು ಹೊಂದಿಸೋ ಜವಾಬ್ದಾರಿ ಮತ್ತೆ ಮನೆಯವರ ಮೇಲೇ ಬಿದ್ದಿದೆ.

ಬೇರೆ ಯೋಜನೆಗಳಲ್ಲಿ ಯಾವುದು ಸಾಲ, ಯಾವುದು ಸಹಾಯ?

ಗೃಹಲಕ್ಷ್ಮಿ: ತಿಂಗಳಿಗೆ 2,000 ರೂ., 2023ರ ಆಗಸ್ಟ್ 30ರಂದು ಚಾಲನೆ. ಪೂರ್ತಿ ಸಹಾಯಧನ. ಮುಂಗಡ ಅನ್ನೋದೇ ಇಲ್ಲ. ಎರಡು ಕಂತು ಒಟ್ಟಿಗೆ ಬಂದರೆ ಅದು ಹಿಂದಿನ ಬಾಕಿ, ಮುಂದಿನ ತಿಂಗಳದ್ದಲ್ಲ. ಅಂಗಡಿಯವರು ಗಮನಿಸಬೇಕಾದ ವಿಚಾರ ಒಂದಿದೆ. ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಈ ಯೋಜನೆಗೆ ಅರ್ಹತೆ ಇಲ್ಲ.

ವೃದ್ಧಾಪ್ಯ, ವಿಧವಾ, ಸಂಧ್ಯಾ ಸುರಕ್ಷಾ ಮಾಸಾಶನ: ಅರ್ಜಿ ಹಾಕಿದ ತಕ್ಷಣ ಮುಂಗಡ ಕೊಡೋ ಪದ್ಧತಿ ಇಲ್ಲ. ಒಂದು ಮಾಸಾಶನದಿಂದ ಇನ್ನೊಂದಕ್ಕೆ ಬದಲಾಗುವಾಗಲೂ ಇಲ್ಲ. ಪಿಂಚಣಿ ಪಡೆಯುತ್ತಿದ್ದವರು ತೀರಿಕೊಂಡರೆ ಮನೆಯವರು ನಾಡಕಚೇರಿಗೆ ಕೂಡಲೇ ತಿಳಿಸಬೇಕು. ಆಮೇಲೂ ಖಾತೆಗೆ ಬಂದ ಹಣ ಮನೆಯವರದ್ದಲ್ಲ, ಅದನ್ನು ಎಟಿಎಂನಲ್ಲಿ ತೆಗೆದರೆ ವಾಪಸ್ ಕಟ್ಟಬೇಕಾಗುತ್ತೆ.

ಮಾತೃ ವಂದನಾ: ಮೊದಲ ಮಗುವಿಗೆ 5,000 ರೂ. ಇದು ಎರಡು ಕಂತಿನಲ್ಲಿ ಬರುತ್ತೆ. ಗರ್ಭಿಣಿ ಅಂತ ನೋಂದಣಿಯಾಗಿ ತಪಾಸಣೆ ಆದ ಮೇಲೆ 3,000 ರೂ., ಹೆರಿಗೆ ನೋಂದಣಿ ಮತ್ತು ಮಗುವಿನ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000 ರೂ. ಎರಡನೇ ಮಗು ಹೆಣ್ಣಾದರೆ 6,000 ರೂ. ಒಂದೇ ಕಂತಿನಲ್ಲಿ. ಮೊದಲ ಕಂತು ಬಂದ ಮೇಲೆ ಅದನ್ನು ಯಾರೂ ಮುರಿದುಕೊಳ್ಳಲ್ಲ.

ಪಿಎಂ ವಿಶ್ವಕರ್ಮ: ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ದರ್ಜಿ ಸೇರಿ 18 ಕಸುಬಿನವರಿಗೆ. ಇದರಲ್ಲೇ ಸಹಾಯವೂ ಇದೆ, ಸಾಲವೂ ಇದೆ. ತರಬೇತಿ ದಿನಕ್ಕೆ 500 ರೂ. ಭತ್ಯೆ ಮತ್ತು ಉಪಕರಣಕ್ಕೆ 15,000 ರೂ.ವರೆಗಿನ ಇ-ವೋಚರ್ ಸಹಾಯ, ವಾಪಸ್ ಕೊಡಬೇಕಿಲ್ಲ. 1 ಲಕ್ಷ ಮತ್ತು ಆಮೇಲೆ 2 ಲಕ್ಷ ರೂ. ಮಾತ್ರ ಸಾಲ, ಶೇ. 5ರ ಬಡ್ಡಿ. ಸಾಲ ಬೇಡ ಅನ್ನೋರು ತರಬೇತಿ, ಉಪಕರಣಕ್ಕಷ್ಟೇ ನಿಲ್ಲಿಸಬಹುದು.

ಪಿಎಂ ಸ್ವನಿಧಿ: ತಳ್ಳುಗಾಡಿ, ಬೀದಿ ವ್ಯಾಪಾರಿಗಳಿಗೆ. ಇದು ಶುರುವಿನಿಂದಲೂ ಸಾಲವೇ. ಮೊದಲ ಸಾಲ 10,000 ರೂ. ಇದ್ದದ್ದು 2025ರ ಆಗಸ್ಟ್‌ನ ತೀರ್ಮಾನದಂತೆ 15,000 ರೂ., ಎರಡನೆಯದು 25,000, ಮೂರನೆಯದು 50,000 ರೂ. ಸರಿಯಾಗಿ ಕಂತು ಕಟ್ಟಿದವರಿಗೆ ಶೇ. 7ರ ಬಡ್ಡಿ ಸಹಾಯಧನ ಖಾತೆಗೆ ಬರುತ್ತೆ. 'ಮೋದಿ ದುಡ್ಡು, ಕಟ್ಟೋದು ಬೇಡ' ಅಂತ ಬಿಟ್ಟವರು ಬ್ಯಾಂಕಿನಲ್ಲಿ ಸುಸ್ತಿದಾರರಾಗಿ, ಮುಂದಿನ ಸಾಲಕ್ಕೂ ದಾರಿ ಮುಚ್ಚಿಕೊಂಡಿದ್ದಾರೆ.

ಸರ್ಕಾರ ಕೊಡದ ಮುಂಗಡ ಅಂಗಡಿಯಲ್ಲಿ

ಸರ್ಕಾರದಿಂದ ಮುಂಗಡ ಇಲ್ಲದ ಕಡೆ ಆ ಕೆಲಸ ಮಾಡ್ತಿರೋದು ಊರಿನ ದಿನಸಿ ಅಂಗಡಿ. 'ಗೃಹಲಕ್ಷ್ಮಿ ಬಂದ ಮೇಲೆ ಕೊಡ್ತೀನಿ ಅಣ್ಣ, ಬರ್ಕೊಳಿ' ಅನ್ನೋ ಮಾತು ಪಾವಗಡದಿಂದ ತಿಪಟೂರಿನವರೆಗೆ ಯಾವ ಅಂಗಡಿಯಲ್ಲಾದರೂ ಕೇಳಿಸುತ್ತೆ. ಹಣ ತಡವಾದರೆ ಅಂಗಡಿಯವರ ಬಂಡವಾಳ ಉದ್ರಿ ಪುಸ್ತಕದಲ್ಲಿ ಸಿಕ್ಕಿಕೊಳ್ಳುತ್ತೆ, ತಗೊಂಡವರಿಗೆ ಆ ಅಂಗಡಿ ಮುಂದೆ ಓಡಾಡೋದೇ ಮುಜುಗರ.

ಅಂಗಡಿಯವರು ಪಾಲಿಸಬಹುದಾದ ಕೆಲವು ಮಾತು ಇಲ್ಲಿವೆ:

1. ಉದ್ರಿಗೆ ಸರ್ಕಾರದ ಕಂತನ್ನು ಗಡುವಾಗಿ ಇಟ್ಟುಕೊಳ್ಳಬೇಡಿ, ತಾರೀಕು ಬರೆದುಕೊಳ್ಳಿ. ಕಂತಿನ ದಿನ ಯಾರ ಕೈಯಲ್ಲೂ ಇಲ್ಲ.

2. ಪಾಸ್‌ಬುಕ್, ಎಟಿಎಂ ಕಾರ್ಡ್, ಪಿನ್ ಅಡ ಇಟ್ಟುಕೊಳ್ಳಬೇಡಿ. ನಾಳೆ ಆ ಖಾತೆಯಲ್ಲಿ ಏನೇ ಹೆಚ್ಚು ಕಡಿಮೆ ಆದರೂ ಬೆರಳು ನಿಮ್ಮ ಕಡೆಗೇ ತಿರುಗುತ್ತೆ.

3. ಹೆಬ್ಬೆಟ್ಟು ಒತ್ತಿಸಿ ಹಣ ಕೊಡುವ ಮಿಷನ್ ಇಟ್ಟಿದ್ದರೆ ಪ್ರತಿ ಸಲ ಚೀಟಿ ಕೊಡಿ, ಉಳಿದ ಬ್ಯಾಲೆನ್ಸ್ ಓದಿ ಹೇಳಿ.

4. ಹೋಟೆಲ್, ಬೇಕರಿ, ಟೀ ಅಂಗಡಿಯಲ್ಲಿ ಮನೆ ಬಳಕೆಯ ಸಿಲಿಂಡರ್ ಬಳಸೋದು ಕಾನೂನು ಪ್ರಕಾರ ತಪ್ಪು. ವ್ಯಾಪಾರಕ್ಕೆ 19 ಕೆ.ಜಿ. ಸಿಲಿಂಡರ್, ಅದಕ್ಕೆ ಯಾವ ಸಬ್ಸಿಡಿಯೂ ಇಲ್ಲ.

ಹಣ ಬಂದಿಲ್ಲ ಅಂದ್ರೆ ಮೊದಲು ಏನು ನೋಡಬೇಕು?

ಎಷ್ಟೋ ಸಲ ಹಣ ಬಂದೇ ಇರುತ್ತೆ, ಆದರೆ ನಾವು ನೋಡ್ತಿರೋ ಖಾತೆಗಲ್ಲ. ಆಧಾರ್ ಮೂಲಕ ಬರುವ ಸಹಾಯಧನ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತೆ. ಸಂಘದ ಸಾಲಕ್ಕೋ, ನರೇಗಾ ಕೂಲಿಗೋ ಅಂತ ಹೊಸ ಖಾತೆ ತೆರೆದಾಗ ಜೋಡಣೆ ಅಲ್ಲಿಗೆ ಬದಲಾಗಿರಬಹುದು. ಸಾದಾ ಫೋನಿನಲ್ಲೂ *99*99*1# ಒತ್ತಿ ಆಧಾರ್ ಸಂಖ್ಯೆ ಹಾಕಿದರೆ ಯಾವ ಬ್ಯಾಂಕಿಗೆ ಜೋಡಣೆ ಇದೆ ಅಂತ ತಿಳಿಯುತ್ತೆ. ರಾಜ್ಯದ ಯೋಜನೆಗಳ ಹಣವನ್ನು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು.

ಖಾತೆಗೆ ಬಂದ ಸಹಾಯಧನವನ್ನು ಬ್ಯಾಂಕಿನವರು ಹಳೆ ಸಾಲಕ್ಕೆ ಮುರಿದುಕೊಂಡರೆ ಸುಮ್ಮನೆ ಬರಬೇಡಿ. ಲಿಖಿತವಾಗಿ ಮ್ಯಾನೇಜರ್‌ಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2024ರಲ್ಲಿ ಬರ ಪರಿಹಾರದ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದು ಅಂತ ರಾಜ್ಯ ಸರ್ಕಾರವೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತ್ತು.

ಗ್ಯಾಸ್ ಸಬ್ಸಿಡಿ ದೂರಿಗೆ 1800-233-3555, ರಾಜ್ಯದ ಯೋಜನೆಗಳ ದೂರಿಗೆ ಜನಸ್ಪಂದನ 1902. ಗ್ಯಾಸ್ ಸೋರಿಕೆಗೆ 1906. 'ನಿಮ್ಮ ಕಂತು ಮುಂಚಿತವಾಗಿ ಬಿಡುಗಡೆ ಮಾಡ್ತೀವಿ, ಒಟಿಪಿ ಹೇಳಿ' ಅಂತ ಫೋನ್ ಬಂದರೆ ಅದು ವಂಚನೆ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಸಹಿ ಹಾಕುವ ಮುಂಚೆ ನಾಲ್ಕು ಪ್ರಶ್ನೆ

ಯಾವುದೇ ಹೊಸ ಯೋಜನೆಗೆ ಅರ್ಜಿ ಹಾಕುವಾಗ, ಕೌಂಟರ್‌ನಲ್ಲಿ ಕೂತಿರೋರು ಯಾರೇ ಆಗಿರಲಿ, ಇಷ್ಟನ್ನು ಕೇಳಿ:

ಈ ಹಣ ಸಹಾಯಧನವಾ, ಸಾಲವಾ, ಇಲ್ಲ ಮುಂಗಡವಾ?

ವಾಪಸ್ ಹೋಗೋದಾದರೆ ಯಾವಾಗ, ಯಾವುದರಲ್ಲಿ ಮುರಿದುಕೊಳ್ತೀರಿ?

ಇದನ್ನು ಬೇರೆ ಖರ್ಚಿಗೆ ಬಳಸಿದರೆ ಮುಂದಿನ ಕಂತು ನಿಲ್ಲುತ್ತಾ?

ಯೋಜನೆಯಿಂದ ಹೊರಗೆ ಬಂದರೆ, ಊರು ಬಿಟ್ಟರೆ, ಫಲಾನುಭವಿ ತೀರಿಕೊಂಡರೆ ಲೆಕ್ಕ ಹೇಗೆ?

ಉತ್ತರವನ್ನು ಅರ್ಜಿಯ ಜೆರಾಕ್ಸ್ ಹಿಂದೆಯೇ ಬರೆದಿಟ್ಟುಕೊಳ್ಳಿ, ತಾರೀಕು ಹಾಕಿ. ಹತ್ತು ವರ್ಷದ ಹಿಂದೆ ಖಾತೆಗೆ ಬಂದ 568 ರೂ. ಯಾಕೆ ಬಂತು ಅಂತ ಇವತ್ತು ಎಷ್ಟೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆದರೆ ಕನೆಕ್ಷನ್ ವಾಪಸ್ ಕೊಡೋ ದಿನ ಆ ಲೆಕ್ಕ ಹೊರಗೆ ಬರುತ್ತೆ.